ಒಂದೇ ರಿಂಗಿಗೆ ಕಟ್ ಆದ ಕರೆಗಳು

ನಾನು ಮೇಜಿನ ಮೂಲೆ ತಾಗಿದರೆ ಮೇಜಿಗೇ ಸಾರಿ ಹೇಳುವ ಹೆಂಗಸು. ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಗಣಿತ ಹೋಯಿತು, ಭೂಗೋಳ ಹೋಯಿತು, ಆ ಒಂದು ಮಾತು ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯಿತು. ಹಾಲಿನವನು ತಡವಾಗಿ ಬಂದರೂ ಬಾಗಿಲು ತೆರೆದು ನಾನೇ ಸಾರಿ ಅನ್ನುತ್ತಿದ್ದೆ. ಅತ್ತೆ ನಗುತ್ತಿದ್ದರು. “ಇವಳು ಕಾಲು ತುಳಿಸಿಕೊಂಡು ತುಳಿದೋರಿಗೇ ಸಾರಿ ಅಂತಾಳೆ ಕಣ್ರೀ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಂಥ ನಾನು ಒಂದು ವಿಷಯಕ್ಕೆ ಮಾತ್ರ ಸಾರಿ ಹೇಳಲಿಲ್ಲ. ಗದರಿ ಕೇಳಿದರು, ಬೇಡಿಕೊಂಡೂ ಕೇಳಿದರು. ಹೇಳಲಿಲ್ಲ. ಇವತ್ತು ಕೇಳಿದರೂ ಹೇಳುವುದಿಲ್ಲ.

ವೈಟ್‌ಫೀಲ್ಡಿನ ಕಡೆ ನಗರಾಡಳಿತದ ತುರ್ತು ಕರೆಗಳ ಕಂಟ್ರೋಲ್ ರೂಮಿನಲ್ಲಿ ನಾನು ಕೆಲಸಕ್ಕಿದ್ದೆ. ಮಗಳು ಇಡೀ ದಿನದ ಶಾಲೆಗೆ ಹೋಗಲು ಶುರುಮಾಡಿದ ವರ್ಷ ಅದು. ಕನ್ನಡ, ಇಂಗ್ಲಿಷ್ ಎರಡೂ ಸ್ಪಷ್ಟವಾಗಿ ಮಾತಾಡುವ ಮಹಿಳೆಯರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಗಂಡ ತೋರಿಸಿದರು. ಅವರು ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನುಗಳ ಉಸ್ತುವಾರಿಯಲ್ಲಿದ್ದರು. “ನಿನ್ನ ದನಿ ಮೆತ್ತಗಿದೆ, ಹೆದರಿದೋರಿಗೆ ಒಳ್ಳೇದು” ಎಂದರು. ಅತ್ತೆಯ ಮಾತು ಬೇರೆ: “ಮನೇಲಿ ಫೋನು ಬಡ್ಕೊಂಡ್ರೆ ಎದ್ದು ಹೋಗೋಕೆ ಸೋಮಾರಿತನ. ಅಲ್ಲಿ ಹೋಗಿ ದಿನವಿಡೀ ಎತ್ತೀಯಾ?”

ಎತ್ತಿದೆ.

ನಮ್ಮ ರೂಮು ಒಂದು ವಾರ್ಡ್ ಕಚೇರಿಯ ಮಹಡಿಯ ಮೇಲಿತ್ತು. ಕೆಳಗೆ ಜನನ ಮರಣ ಪತ್ರದ ಕೌಂಟರು, ಮೇಲೆ ನಾವು. ಮಧ್ಯದ ಮೆಟ್ಟಿಲಿನಲ್ಲಿ ಯಾವಾಗಲೂ ಫಿನಾಯಿಲ್ ವಾಸನೆ. ಎರಡು ಸಾಲು ಮೇಜು, ಮೇಜಿಗೊಂದು ಕಂಪ್ಯೂಟರು, ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್ಟು. ಒಂದೇ ಹೆಡ್‌ಸೆಟ್ಟನ್ನು ಪಾಳಿಯ ಮೇಲೆ ಪಾಳಿ ಹಾಕಿಕೊಂಡು, ಕಿವಿಯ ಸ್ಪಂಜಿಗೆ ಮೂವರ ತಲೆಯ ಕೊಬ್ಬರಿ ಎಣ್ಣೆ ಇಳಿದಿರುತ್ತಿತ್ತು. ನನಗಿಂತ ಮೊದಲು ನನ್ನ ಜಾಗದಲ್ಲಿ ಕೂತವರು ಯಾರೋ ಮಾನಿಟರಿನ ಅಂಚಿಗೆ ಒಂದು ಮರೂನ್ ಬಿಂದಿ ಅಂಟಿಸಿ ಹೋಗಿದ್ದರು. ನಾನು ಅದನ್ನು ಕೀಳಲಿಲ್ಲ. ಬೆಳ್ಳಂದೂರಿನಿಂದ ಹಿಡಿದು ಜಿಗಣಿ, ಅತ್ತಿಬೆಲೆಯವರೆಗೆ ಎಲ್ಲಿ ಮರ ಬಿದ್ದರೂ, ತಂತಿ ತುಂಡಾದರೂ, ಮನೆಗೆ ನೀರು ನುಗ್ಗಿದರೂ, ಯಾರಿಗಾದರೂ ಆಂಬುಲೆನ್ಸ್ ಬೇಕಾದರೂ ಕರೆ ನಮ್ಮಲ್ಲಿ ಯಾರಾದರೊಬ್ಬರ ಕಿವಿಗೆ ಬರುತ್ತಿತ್ತು. ಯಾರ ಕಿವಿಗೆ ಎಂಬುದನ್ನು ಕಂಪ್ಯೂಟರು ನಿರ್ಧರಿಸುತ್ತಿತ್ತು. ವಿಳಾಸ ಕೇಳಿ, ಟೈಪ್ ಮಾಡಿ, ಹತ್ತಿರದ ಗಾಡಿಗೆ ದಾಟಿಸಬೇಕು. ಅಷ್ಟೇ ಕೆಲಸ.

ಇದರ ನಡುವೆ ಇನ್ನೊಂದು ಬಗೆಯ ಕರೆ ಇತ್ತು. ಒಂದು ರಿಂಗ್ ಬರುತ್ತದೆ, ಕೈ ಮುಂದೆ ಚಾಚುವಷ್ಟರಲ್ಲಿ ಕಟ್. ಪರದೆಯ ಮೇಲೆ ನಂಬರ್ ಮಾತ್ರ ಉಳಿಯುತ್ತದೆ. ಅದರ ಪಕ್ಕದಲ್ಲೇ ಒಂದು ಕೆಂಪು ಗುಂಡಿ: ನ್ಯೂಸೆನ್ಸ್. ಅದನ್ನು ಒತ್ತಿ ಮುಂದಿನ ಕರೆಗೆ ಹೋಗಬೇಕು. ಒಂದೇ ನಂಬರಿಗೆ ಮೂರು ಸಲ ಆ ಗುಂಡಿ ಬಿದ್ದರೆ ಮಾರನೆಯ ದಿನದವರೆಗೆ ಆ ನಂಬರಿನಿಂದ ಕರೆಯೇ ಒಳಗೆ ಬರದು. ತರಬೇತಿಯಲ್ಲಿ ಇದನ್ನು ಎರಡೆರಡು ಸಲ ಹೇಳಿಕೊಟ್ಟಿದ್ದರು. ತಿರುಗಿ ಫೋನ್ ಮಾಡಬಾರದು ಎಂಬುದನ್ನೂ ಹೇಳಿದ್ದರು. ತುರ್ತು ನಂಬರ್ ಎಂದರೆ ಕರೆ ಸ್ವೀಕರಿಸುವುದಕ್ಕೆ, ಮಾಡುವುದಕ್ಕಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಅತ್ತಿಬೆಲೆಯಿಂದ ಬಸ್ಸು ಬದಲಿಸಿ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಮದುವೆ ಗೊತ್ತಾಗಿತ್ತು, ಬಾಯಿ ಜೋರು, ಗುಂಡಿ ಒತ್ತುವ ಬೆರಳು ಅದಕ್ಕಿಂತ ಜೋರು. ನಾನು ಆ ಗುಂಡಿಯ ಮುಂದೆ ತಡವರಿಸುವುದನ್ನು ನೋಡಿ, “ಒತ್ತಿ ಬಿಸಾಕಿ ಅಕ್ಕ. ಯಾವನೋ ತರ್ಲೆ ನನ್ಮಗ” ಎನ್ನುತ್ತಿದ್ದಳು.

ತರಲೆ ಇರಬಹುದು. ಆದರೆ ನನಗೆ ಒಂದು ರಿಂಗ್ ಎಂದರೆ ಏನೆಂದು ಗೊತ್ತಿತ್ತು. ಆ ಕಾಲದಲ್ಲಿ ನಮ್ಮ ಇಡೀ ಬೀದಿಗೆ ಗೊತ್ತಿತ್ತು. ಒಳಬರುವ ಕರೆ ಫ್ರೀ, ಹೋಗುವ ಕರೆಗೆ ಕಾಸು. ಹಾಗಾಗಿ ಫೋನು ಮಾತಾಡುವುದಕ್ಕಿಂತ ಹೆಚ್ಚಾಗಿ ರಿಂಗಾಗುವುದಕ್ಕೆ ಇತ್ತು. ಗಂಡ ಫ್ಯಾಕ್ಟರಿ ಬಸ್ಸು ಹತ್ತಿದ ಕೂಡಲೇ ಒಂದು ರಿಂಗ್ ಕೊಡುತ್ತಿದ್ದರು: ಅನ್ನಕ್ಕಿಡು. ಪಾತ್ರೆ ತಿಕ್ಕುವವಳು ಬೆಳಿಗ್ಗೆ ಒಂದು ರಿಂಗ್ ಕೊಟ್ಟಳೆಂದರೆ ಇವತ್ತು ಬರುವುದಿಲ್ಲ. ಅತ್ತೆ ದೇವಸ್ಥಾನದಿಂದ ಕೊಡುತ್ತಿದ್ದ ರಿಂಗಿಗೆ ಅರ್ಥ ದಿನಕ್ಕೊಂದು ಬದಲಾಗುತ್ತಿತ್ತು, ತಿರುಗಿ ಮಾಡದಿದ್ದರೆ ಮನೆಗೆ ಬಂದು, “ಮಿಸ್ ಕಾಲ್ ಕೊಟ್ಟೆನಲ್ಲಮ್ಮಾ, ಕಿವಿ ಇರ್ಲಿಲ್ವಾ?” ಎಂದು ಜಗಳ. ನಮ್ಮಲ್ಲಿ ಒಂದು ರಿಂಗಿಗೆ ಕಟ್ ಮಾಡುವುದು ಬಾಗಿಲು ಬಡಿದು ಓಡಿಹೋಗುವುದಲ್ಲ. ಬಾಗಿಲು ಬಡಿದು, ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕಾದು ಕೂರುವುದು.

ಮೊದಲ ಸಲ ನಾನು ತಿರುಗಿ ಫೋನ್ ಮಾಡಿದ್ದು ಮಳೆ ನಿಂತ ಒಂದು ಬೆಳಗಿನಲ್ಲಿ. ಒಂದೇ ನಂಬರ್ ನನ್ನ ಪರದೆಗೆ ಎರಡು ಸಲ ಬಂದು ಹೋಗಿತ್ತು. ಟೀ ಬಂದಿತ್ತು, ರೂಮು ಶಾಂತವಾಗಿತ್ತು. ಒತ್ತಲು ಹೋದ ಬೆರಳು ಪಕ್ಕದ ಡಯಲ್ಲಿಗೆ ಹೋಯಿತು.

“ಹಾಂ ಮೇಡಂ,” ಎಂದಿತು ಒಂದು ಮುದಿ ದನಿ, ನನಗಾಗಿಯೇ ಕಾಯುತ್ತಿದ್ದಂತೆ. “ಜಿಗಣಿ ಕಡೆ ಗೋಡೌನ್ ವಾಚ್‌ಮನ್ನು ನಾನು. ಇಸ್ಕೂಲ್ ಗೇಟಿನ ಮುಂದೆ ಕರೆಂಟ್ ವೈರ್ ಬಿದ್ದೈತೆ. ಮಿಸ್ ಕಾಲ್ ಕೊಟ್ಟೆ. ನೀವು ಮಾಡೋಗಂಟ ಯಾರೂ ತುಳೀಬಾರ್ದು ಅಂತ ಒಣ ಕೋಲು ಇಡ್ಕೊಂಡು ಇಲ್ಲೇ ನಿಂತಿವ್ನಿ.”

ಅಷ್ಟು ಹೊತ್ತು ನಿಂತಿದ್ದನಂತೆ. ನಮ್ಮ ಮೇಲೆ ಒಂದು ಚೂರೂ ಸಿಟ್ಟಿಲ್ಲ. ನಾವು ಮಾಡಿಯೇ ಮಾಡುತ್ತೇವೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಅಂದಿನಿಂದ ನಾನು ಆ ಗುಂಡಿ ಒತ್ತಲಿಲ್ಲ. ಕರೆ ಇಲ್ಲದ ಹೊತ್ತು ನೋಡಿ ತಿರುಗಿ ಮಾಡುತ್ತಿದ್ದೆ. ಎಲ್ಲವೂ ಕರೆಂಟ್ ವೈರ್ ಆಗಿರುತ್ತಿತ್ತೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆ. ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಕೇಳುವವರಿದ್ದರು. ಜೇಬಿನಲ್ಲಿ ಬಟನ್ ಒತ್ತಿಹೋಗಿ ನಮಗೆ ಬರೀ ಬಸ್ಸಿನ ಸದ್ದು ಕೇಳಿಸುವವರಿದ್ದರು. ಒಬ್ಬ, “ಫಸ್ಟ್ ಕ್ಲಾಸ್ ವಾಯ್ಸ್ ಮೇಡಂ, ಒಂದೈದ್ನಿಮಿಷ ಮಾತಾಡಿ” ಎಂದ. ಅವನಿಗೂ ಸಾರಿ ಹೇಳಿಯೇ ಫೋನ್ ಇಟ್ಟೆ. ಪಕ್ಕದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮ ಮೇಲ್ವಿಚಾರಕರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಟೆಕ್ ಪಾರ್ಕ್ ಒಂದರ ಕಾಲ್ ಸೆಂಟರಿನಲ್ಲಿ ಇದ್ದು ಬಂದವರು. ಟೈ ಕಟ್ಟುತ್ತಿದ್ದರು. ಇಡೀ ವಾರ್ಡ್ ಕಚೇರಿಯಲ್ಲಿ ಟೈ ಕಟ್ಟುತ್ತಿದ್ದವರು ಅವರೊಬ್ಬರೇ, ಕೆಳಗಿನ ಕೌಂಟರಿನವರು ಅವರನ್ನು ಬ್ಯಾಂಕಿನವರು ಎಂದೇ ತಿಳಿದಿದ್ದರು. ರೂಮಿನ ತುದಿಯಲ್ಲಿ ಅವರದೊಂದು ಗಾಜಿನ ಕ್ಯಾಬಿನ್. ಒಳಗೆ ತಿರುಗುವ ಕುರ್ಚಿ, ಬೂದು ಬಣ್ಣದ ಒಂದು ಫೋನು, ಕಿಟಕಿಯಲ್ಲಿ ಅವರೇ ತಂದಿಟ್ಟ ತುಳಸಿ ಗಿಡ. ಕೆಟ್ಟವರಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ಕೇಳದೆಯೇ ಪಾಳಿ ಬದಲಿಸಿಕೊಟ್ಟಿದ್ದರು. ಆದರೆ ಅವರಿಗೆ ಪ್ರೊಸೆಸ್ ಎಂದರೆ ದೇವರ ಸಮಾನ.

“ಮೇಡಂ, ನಿಮ್ಮ ಡೆಸ್ಕಿಂದ ಔಟ್‌ಗೋಯಿಂಗ್ ಹೋಗ್ತಿದೆ” ಎಂದರು ಒಂದು ದಿನ.

“ಹೌದು ಸರ್. ಮಿಸ್ಡ್ ಕಾಲ್ ಕೊಟ್ಟೋರಿಗೆ ಮಾಡ್ತಿದೀನಿ.”

“ಅದು ಮಿಸ್ಡ್ ಕಾಲ್ ಅಲ್ಲ ಮೇಡಂ, ನ್ಯೂಸೆನ್ಸ್ ಕಾಲ್. ನಮ್ಮ ನಂಬರ್ ಫ್ರೀ. ಫ್ರೀ ನಂಬರಿಗೆ ಯಾರಾದ್ರೂ ಮಿಸ್ಡ್ ಕಾಲ್ ಕೊಡ್ತಾರಾ? ಲಾಜಿಕ್ ಬೇಡ್ವಾ?”

“ಫ್ರೀ ಅಂತ ಅವರಿಗೆ ಯಾರು ಹೇಳಿದ್ದಾರೆ ಸರ್?”

“ಬೋರ್ಡ್ ಹಾಕಿದೀವಲ್ಲ ಮೇಡಂ ಎಲ್ಲಾ ಕಡೆ.”

ಬೋರ್ಡು ಹಾಕಿದ್ದೇನೋ ನಿಜ. ಕಾಡುಗೋಡಿಯ ಕಡೆ ನಾನೇ ನೋಡಿದ್ದೆ. ಇಂಗ್ಲಿಷಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ, ಅದರ ಮೇಲೆ ಪಿಜಿ ಹಾಸ್ಟೆಲಿನ ಒಂದು ಪಾಂಪ್ಲೆಟು.

ಅವರ ಮಾತಿನಲ್ಲೂ ನ್ಯಾಯವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬೆಳ್ಳಂದೂರಿನಲ್ಲಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದ ಒಂದು ಮಧ್ಯಾಹ್ನ ನಾನು ಯಾರಿಗೋ ತಿರುಗಿ ಮಾಡಿ ಮಾತಾಡುತ್ತಿದ್ದಾಗ ನನ್ನ ಮೇಜಿಗೆ ಬಂದ ಕರೆ ಬಡಿದುಕೊಂಡೇ ಇತ್ತು. ಪಕ್ಕದ ಹುಡುಗಿ ತನ್ನ ಕರೆ ಮುಗಿಸಿ ಅದನ್ನೂ ಎಳೆದುಕೊಂಡಳು. ಮೇಲ್ವಿಚಾರಕರು ಅದನ್ನು ನೋಡಿದರು. “ಆ ಕಡೆ ಯಾರಾದ್ರೂ ಸಾಯ್ತಿದ್ರೆ?” ಎಂದರು. ಅಲ್ಲಿಂದ ಮುಂದೆ ನನ್ನ ಮೇಜು ರಿಂಗಾದ ಕೂಡಲೇ, ಮಾತಿನ ನಡುವೆಯೇ ಆದರೂ, ಲೈನು ಬದಲಿಸುವುದೆಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಅವರಿಗೆ ಅದು ಸಾಲಲಿಲ್ಲ.

“ಸಾರಿ ಅಂತ ಒಂದು ಮಾತು ಹೇಳಿ ಮೇಡಂ, ಇನ್ಮೇಲೆ ಮಾಡಲ್ಲ ಅಂತ ಹೇಳಿ. ಇಲ್ಲಿಗೆ ಬಿಟ್ಬಿಡೋಣ.”

ಬಾಯಿ ತೆರೆದೆ. ಆ ಮಾತು ನಾಲಿಗೆಯ ತುದಿಯಲ್ಲೇ ಇರುವಂಥದ್ದು, ಬೇರೆಯವರು ಕೆಮ್ಮಿದರೂ ಹೊರಬರುವಂಥದ್ದು. ಬರಲಿಲ್ಲ. ಕೋಲು ಹಿಡಿದು ನಿಂತಿದ್ದ ಆ ಮುದುಕ ಕಣ್ಣಮುಂದೆ ಬಂದ. ಸಾರಿ ಎಂದರೆ ಅವನಿಗೆ ಫೋನ್ ಮಾಡಿದ್ದು ತಪ್ಪು ಎಂದಂತೆ.

“ಮಾಡ್ತೀನಿ ಸರ್” ಎಂದೆ. ಮೆತ್ತಗೇ ಹೇಳಿದ್ದು. ಆದರೂ ಎರಡೂ ಸಾಲಿನವರು ತಿರುಗಿ ನೋಡಿದರು.

ಮಾರನೆಯ ದಿನ ಹೋಗಿ ನೋಡಿದರೆ ನನ್ನ ಮೇಜಿನ ಫೋನಿನಲ್ಲಿ ಹೊರಗೆ ಹೋಗುವ ಲೈನು ಇರಲಿಲ್ಲ. ಗಾಡಿಗಳಿಗೆ ದಾಟಿಸುವುದು ಬಿಟ್ಟರೆ ಬೇರೆ ಯಾವ ನಂಬರ್ ಒತ್ತಿದರೂ ಟೂಂಯ್ ಎನ್ನುವ ಒಂದೇ ಸದ್ದು. ಎಲ್ಲರ ಮೇಜಿನದೂ ಹಾಗೇ ಮಾಡಿಸಿದ್ದರು. ನಮ್ಮ ಸ್ವಂತ ಮೊಬೈಲುಗಳನ್ನು ರೂಮಿನೊಳಗೆ ತರುವಂತಿರಲಿಲ್ಲ. ಹೊರಗಿನ ಕಪಾಟಿನಲ್ಲಿಟ್ಟು ಬರಬೇಕು. ಆ ವಾರವೆಲ್ಲ ಒಂದೇ ರಿಂಗಿನ ನಂಬರುಗಳು ನನ್ನ ಪರದೆಗೆ ಬಂದು ಮಿನುಗಿ ಹೋದವು. ಗುಂಡಿಯನ್ನಂತೂ ನಾನು ಒತ್ತಲಿಲ್ಲ. ಒತ್ತದಿದ್ದುದರಿಂದ ಯಾರಿಗೂ ಉಪಕಾರವಾಗಲಿಲ್ಲ ಎಂಬುದೂ ಗೊತ್ತಿತ್ತು. ರಾತ್ರಿ ಅನ್ನ ಬಡಿಸುವಾಗ ಅತ್ತೆ, “ಯಾಕೆ ಮುಖ ಹಿಂಗೆ?” ಎಂದರು. ಹೇಳಿದೆ. ಅವರು ಅನ್ನಕ್ಕೆ ಸಾರು ಕಲಸಿಕೊಂಡರು. “ಮಿಸ್ ಕಾಲ್ ಕೊಟ್ಟೋರ್ಗೆ ಮಾಡ್ಬಾರ್ದಾ? ಅದೆಂಥಾ ಆಫೀಸಮ್ಮಾ? ಸಂಸಾರಸ್ಥರು ಯಾರೂ ಇಲ್ವಾ ಅಲ್ಲಿ?”

ಆ ವಾರದ ಕೊನೆಯಲ್ಲಿ, ಊಟದ ಹೊತ್ತು. ಅರ್ಧ ರೂಮು ಖಾಲಿ. ಮೇಲ್ವಿಚಾರಕರು ಟಿಫನ್ ಡಬ್ಬಿ ತರಲು ಕೆಳಗೆ ಹೋಗಿದ್ದರು. ನನ್ನ ಪರದೆಗೆ ಒಂದು ರಿಂಗ್ ಬಂದು ಕಟ್ ಆಯಿತು. ನಂಬರಿನ ಪಕ್ಕದಲ್ಲಿ ಎರಡು ಕೆಂಪು ಚುಕ್ಕೆಗಳಿದ್ದವು. ಅಂದರೆ ಇದೇ ನಂಬರ್ ಆಗಲೇ ಬೇರೆ ಇಬ್ಬರ ಮೇಜಿಗೆ ಹೋಗಿ ಬಂದಿದೆ, ಇಬ್ಬರೂ ಗುಂಡಿ ಒತ್ತಿದ್ದಾರೆ. ಮೂರನೆಯದು ನಾನು. ಒತ್ತಿದರೆ ಬಾಗಿಲು ಮುಚ್ಚಿತು.

ಬಿಂದಿ ಅಂಟಿಸಿದ ಆ ಪರದೆಯನ್ನೇ ನೋಡುತ್ತ ಕೂತೆ. ತರಲೆ ಮಾಡುವವನು ಮೂರು ಸಲವೂ ಸರಿಯಾಗಿ ಒಂದೇ ರಿಂಗಿಗೆ ಕಟ್ ಮಾಡುವುದಿಲ್ಲ, ಅವನಿಗೆ ನಮ್ಮ ದನಿ ಕೇಳಬೇಕಾಗಿರುತ್ತದೆ. ಹೀಗೆ ಅಚ್ಚುಕಟ್ಟಾಗಿ ಕಟ್ ಮಾಡುವವರು ಬ್ಯಾಲೆನ್ಸ್ ಉಳಿಸುವವರೇ.

ನಂಬರನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಹೆಡ್‌ಸೆಟ್ ತೆಗೆದು ಪಕ್ಕದ ಹುಡುಗಿಗೆ, “ನನ್ನ ಮೇಜು ನೋಡ್ಕೋ” ಎಂದೆ. ನೇರವಾಗಿ ಗಾಜಿನ ಕ್ಯಾಬಿನ್ನಿಗೆ ಹೋಗಿ ಮೇಲ್ವಿಚಾರಕರ ತಿರುಗುವ ಕುರ್ಚಿಯ ಮೇಲೆ ಕೂತೆ. ಅವರ ಫೋನು ಹೊರಗಿನ ಲೈನಿನದು, ಅದನ್ನು ಯಾರೂ ಕಟ್ ಮಾಡಿರಲಿಲ್ಲ.

“ಅಕ್ಕಾ, ನಿಮಗೇನ್ ತಲೆ ಕೆಟ್ಟಿದ್ಯಾ? ಬಂದ್ಬಿಡ್ತಾರೆ!” ಎಂದು ಹುಡುಗಿ ಹಿಂದಿನಿಂದ ಪಿಸುಗುಟ್ಟಿದಳು.

ಬರಲಿ ಎಂದುಕೊಂಡೆ. ಡಯಲ್ ಮಾಡಿದೆ.

ಪೂರ್ತಿ ಒಂದು ರಿಂಗೂ ಆಗಲಿಲ್ಲ. “ಯಕ್ಕಾರ, ಎಷ್ಟೊತ್ತಾತ್ರಿ ಕಾಯಾಕತ್ತು!” ಎಂದಿತು ಒಂದು ಹೆಂಗಸಿನ ದನಿ. ಉತ್ತರ ಕರ್ನಾಟಕದ ಮಾತು. “ಮೂರು ಸರ್ತಿ ಮಿಸ್ ಕಾಲ್ ಕೊಟ್ನಿರಿ. ನಮ್ಮ ಮನಿಯಾಂವಗ ಹಾವು ಕಡದೈತ್ರಿ. ಕಲ್ಲು ಎತ್ತಿಡಾಕ ಹೋಗಿದ್ದ, ಬುಡಕ ಇತ್ತ್ರಿ. ಕಾಲಿಗಿ ಕಡದೈತ್ರಿ, ಮಾತು ತೊದ್ಲಾಕತ್ತೈತಿ.”

“ಮಲಗಿಸಮ್ಮಾ. ನಡೆಸಬೇಡಿ, ಕುಯ್ಯಬೇಡಿ, ಕಾಲು ಅಲ್ಲಾಡಿಸಬೇಡಿ. ಗಾಡಿ ಕಳಿಸ್ತೀನಿ. ಎಲ್ಲಿದೀರಿ ಹೇಳಿ.”

“ಗೊತ್ತಿಲ್ರಿ ಯಕ್ಕಾ. ಮೇಸ್ತ್ರಿ ಲಾರ್‍ಯಾಗ ಕರ್ಕೊಂಡು ಬಂದ್ ಬಿಟ್ಟಾನ್ರಿ. ಇದು ಶೆಡ್ಡು. ಎದುರಿಗಿ ಕಾಜಿನ ಬಿಲ್ಡಿಂಗ ಐತ್ರಿ.”

ವೈಟ್‌ಫೀಲ್ಡಿನಲ್ಲಿ ಎದುರಿಗೆ ಗಾಜಿನ ಬಿಲ್ಡಿಂಗ್ ಇಲ್ಲದ ಜಾಗ ಯಾವುದಿದೆ? ಅಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ತೆರೆಯಿತು. ಮೇಲ್ವಿಚಾರಕರು ಟಿಫನ್ ಡಬ್ಬಿ ಹಿಡಿದು ನಿಂತಿದ್ದರು. ಅವರ ಕುರ್ಚಿ, ಅವರ ಫೋನು, ನಾನು.

“ಮೇಡಂ, ಏನಿದು—”

ನಾನು ಅಂಗೈ ಎತ್ತಿ ಅವರನ್ನು ತಡೆದೆ. ನನ್ನ ಮಗಳನ್ನು ತಡೆಯುವ ಹಾಗೆ. ಅಂಗೈ ಮೇಲೆ ಆ ನಂಬರ್ ಇತ್ತು. “ಹಾವು ಕಚ್ಚಿದೆ,” ಎಂದೆ ಅವರಿಗೆ. ಫೋನಿನಲ್ಲಿ, “ಅಮ್ಮಾ, ಜಾಗದ ಓನರ್ ಹತ್ತಿರ ಇದಾರಾ? ಫೋನ್ ಕೊಡಿ” ಎಂದೆ.

ಓಡುವ ಸದ್ದು, ನಾಯಿ ಬೊಗಳಿದ ಸದ್ದು, ಆಮೇಲೆ ಒಂದು ಗಟ್ಟಿ ದನಿ. “ಅಲೋ, ಯಾರವ್ವಾ? ನಾನು ಇವ್ರ ಓನರಮ್ಮ ಕಣವ್ವ. ಮುಂಚೆ ಆಗಿದ್ರೆ ಇಲ್ಲೇ ಮಂತ್ರ ಹಾಕೋನೊಬ್ಬ ಇದ್ದ. ಅವನೂ ಸೈಟ್ ಮಾರ್ಕೊಂಡು ಹೊಂಟೋದ. ಗಾಡಿ ಕಳ್ಸು ಬೇಗ.”

“ದಾರಿ ಹೇಳಿ ಅಮ್ಮಾ.”

“ಇಂಗೇಳು ಗಾಡಿಯೋನ್ಗೆ. ವರ್ತೂರ್ ರಸ್ತೇಲಿ ಬಂದ್ರೆ ಮಾವಿನ ತೋಪು ಸಿಗ್ತದೆ. ಅಲ್ಲಿ ಎಡಕ್ಕೆ. ಆಮ್ಯಾಕೆ ಕೆರೆ ಏರಿ. ಏರಿ ಇಳುದ್ರೆ ನಮ್ಮ ರಾಗಿ ಒಲ. ಅಲ್ಲೇ ಸೆಡ್ಡು.”

ನಾನು ಒಂದೊಂದನ್ನೂ ಜೋರಾಗಿ ತಿರುಗಿ ಹೇಳಿದೆ. ಮೇಲ್ವಿಚಾರಕರು ಟಿಫನ್ ಡಬ್ಬಿಯನ್ನು ತುಳಸಿ ಗಿಡದ ಪಕ್ಕ ಇಟ್ಟರು. “ಯಾವ ತೋಪು? ಪಿನ್ ಕೋಡ್ ಕೇಳಿ” ಎಂದರು.

“ಅಮ್ಮಾ, ಆ ತೋಪು ಈಗ ಇದೆಯಾ?”

“ಎಲ್ಲೈತೆ ತೋಪು! ಕಡ್ದು ಅಪಾರ್ಟ್‌ಮೆಂಟ್ ಕಟ್ಟವ್ರೆ. ಅದ್ಕೇನೋ ಇಂಗ್ಲಿಸ್ ಎಸ್ರು, ನನ್ ಬಾಯಿಗೆ ಬರಾಕಿಲ್ಲ. ತೋಪು ಅಂದ್ರೆ ಯಾರ್ನ ಕೇಳಿದ್ರೂ ಯೋಳ್ತಾರೆ.”

ಮೇಲ್ವಿಚಾರಕರು ನನ್ನ ಮುಖ ನೋಡಿದರು. ಆಮೇಲೆ ಹೊರಗೆ ಹೋಗಿ ನನ್ನದೇ ಹೆಡ್‌ಸೆಟ್ಟನ್ನು ತಲೆಗೆ ಹಾಕಿಕೊಂಡು, ಟೈ ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸಿಕೊಳ್ಳುತ್ತ, ಗಾಡಿಗೆ ಲೈನು ಹಾಕಿದರು. “ಗುರು, ವರ್ತೂರ್ ರೋಡಲ್ಲಿ ಮಾವಿನ ತೋಪು ಅಂತೆ, ಈಗ ಅಪಾರ್ಟ್‌ಮೆಂಟ್ ಆಗಿದೆಯಂತೆ. ಗೊತ್ತಾ?”

ಡ್ರೈವರನ ದನಿ ಸ್ಪೀಕರಿನಲ್ಲಿ ಇಡೀ ರೂಮಿಗೆ ಕೇಳಿಸಿತು. “ಅಯ್ಯೋ, ಗೊತ್ತಿಲ್ದೆ ಏನ್ ಸಾರ್! ನಮ್ಮ ದೊಡ್ಡಪ್ಪಂದೇ ಆ ತೋಪು. ಎಡಕ್ಕೆ ತಾನೇ? ಹೊಂಟೆ.”

ಆ ಹೆಂಗಸಿಗೆ ಗಾಡಿ ಹೊರಟಿದೆ ಎಂದು ಹೇಳಿದೆ. ಗಾಡಿಯ ಸದ್ದು ಕೇಳುವವರೆಗೆ ಫೋನ್ ಇಡುವುದಿಲ್ಲ ಎಂದೂ ಹೇಳಿದೆ. ಅವಳು ಗಂಡನಿಗೆ ಏನೇನೋ ಹೇಳುತ್ತಿದ್ದಳು, ಬೈಯುತ್ತಿದ್ದಳು, ಮತ್ತೆ ನನಗೆ ಹೇಳುತ್ತಿದ್ದಳು. ನಡುವೆ ನಾನು, “ಈ ಫೋನು ಫ್ರೀ ಕಣಮ್ಮಾ, ನೀವು ಕಟ್ ಮಾಡಬೇಕಾಗಿರಲಿಲ್ಲ” ಎಂದೆ.

“ಪುಕ್ಕಟ್ಟೆ ಯಾರ್ ಕೊಡ್ತಾರ್ರಿ ಯಕ್ಕಾ ಈ ಊರಾಗ? ಕುಡಿಯೋ ನೀರಿಗೂ ರೊಕ್ಕ ಕೊಡ್ತೀವ್ರಿ.”

ಆಮೇಲೆ ಸೈರನ್ನು ಕೇಳಿಸಿತು, ಫೋನು ಕೆಳಗೆ ಬಿದ್ದಂತಾಯಿತು, ಲೈನು ಹೋಯಿತು.

ನಮ್ಮ ಕೆಲಸದ ಒಂದು ರೀತಿ ಏನೆಂದರೆ ಅಲ್ಲಿಂದ ಮುಂದಿನದು ನಮಗೆ ತಿಳಿಯುವುದಿಲ್ಲ. ಗಾಡಿ ಆಸ್ಪತ್ರೆಗೆ ಮುಟ್ಟಿಸಿತು ಎಂಬಲ್ಲಿಗೆ ಪರದೆಯ ಮೇಲಿನ ಸಾಲು ಹಸಿರಾಗಿ ಮಾಯವಾಗುತ್ತದೆ. ಬದುಕಿದರೋ ಇಲ್ಲವೋ ಎಂಬುದು ಆಸ್ಪತ್ರೆಗೆ ಗೊತ್ತು, ಮನೆಯವರಿಗೆ ಗೊತ್ತು. ಅವನ ಸಾಲೂ ಹಾಗೇ ಮಾಯವಾಯಿತು.

ಪಾಳಿ ಮುಗಿದ ಮೇಲೆ ಮೇಲ್ವಿಚಾರಕರು ಕರೆದರು. ಈ ಸಲ ಅವರು ಕುರ್ಚಿಯಲ್ಲಿ, ನಾನು ನಿಂತು. ಟಿಫನ್ ಡಬ್ಬಿ ಇನ್ನೂ ಕಿಟಕಿಯಲ್ಲೇ ಇತ್ತು.

“ನನ್ನ ಚೇರಲ್ಲಿ ಕೂತ್ರಿ ಮೇಡಂ.”

“ಕುರ್ಚಿಗೆ ಸಾರಿ ಸರ್.”

“ಫೋನಿಗೆ?”

“ಫೋನಿಗೆ ಇಲ್ಲ.”

ಅವರು ಕಣ್ಣುಜ್ಜಿಕೊಂಡರು. “ಇವತ್ತೊಂದು ನಿಜ ಇತ್ತು, ಒಪ್ಕೋತೀನಿ. ಇಂಥದ್ದು ಒಂದಕ್ಕೆ ಎಷ್ಟು ಸುಳ್ಳು ಕಾಲ್ ಬರುತ್ತೆ ಯೋಚ್ನೆ ಮಾಡಿ. ಎಲ್ರೂ ನಿಮ್ಮ ಥರ ಎದ್ದು ಬಂದು ಇಲ್ಲಿ ಕೂತ್ರೆ ಅಲ್ಲಿ ಯಾರು ಎತ್ತೋದು? ಅಷ್ಟಕ್ಕೂ ಆ ಮನುಷ್ಯ ಬದುಕಿದಾನೆ ಅಂತ ನಿಮಗೆ ಗೊತ್ತಾ?”

“ಗೊತ್ತಿಲ್ಲ.”

“ಸತ್ತಿರಬಹುದು.”

“ಸತ್ತಿದ್ರೂ ನಾನು ಫೋನ್ ಮಾಡಿದ್ದು ಸರಿ ಸರ್.”

ನನ್ನ ದನಿ ನನಗೇ ಹೊಸದಾಗಿತ್ತು. ಅದು ಏರಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಅದೇ ತಗ್ಗಿದ ದನಿ, ಆದರೆ ಅದರ ಕೊನೆಯಲ್ಲಿ ಯಾವಾಗಲೂ ಇರುತ್ತಿದ್ದ ಕ್ಷಮೆಯ ಎಳೆ ಇರಲಿಲ್ಲ.

ಅವರು ನಿಯಮ ಹೇಳಿದರು. ತಿಂಗಳ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತದೆ. ಇನ್ನು ತಿರುಗಿ ಫೋನ್ ಮಾಡುವುದಿಲ್ಲ ಎಂದು ಬಾಯಲ್ಲಿ ಹೇಳಿದರೂ ಸಾಕು, ಮುಂದುವರಿಸಲು ಬರೆಯುತ್ತಾರೆ. ಇಲ್ಲದಿದ್ದರೆ ಅವರ ಕೈಯಲ್ಲಿಲ್ಲ. ಯೋಚಿಸಿ ಹೇಳಿ ಎಂದರು. ಯೋಚಿಸಿದೆ, ಹೇಳುವುದಿಲ್ಲ ಎಂದೆ. ಕೆಲಸ ನನಗೆ ಬೇಕಾಗಿತ್ತು. ಸಂಬಳಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಡುವ ಆ ಹೊತ್ತು ಬೇಕಾಗಿತ್ತು.

ಮರುದಿನದಿಂದ ಅವರು ಊಟಕ್ಕೆ ಹೋಗುವಾಗ ಕ್ಯಾಬಿನ್ನಿಗೆ ಬೀಗ ಹಾಕತೊಡಗಿದರು. ಬೀಗದ ಕೈ ಜೇಬಿಗೆ. ಪಕ್ಕದ ಹುಡುಗಿ, “ತುಳಸಿ ಕದೀತಾರೆ ಅಂತ ಭಯ ಪಾಪ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅವಳೂ ಈಗ ಆ ಕೆಂಪು ಗುಂಡಿಯ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದಳು. ಹಾವಿನ ದಿನದ ಎರಡು ಚುಕ್ಕೆಗಳಲ್ಲಿ ಒಂದು ಅವಳದು. ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ತಿಂಗಳ ಕೊನೆಯ ದಿನ ಬಂತು. ನನ್ನ ನೀರಿನ ಬಾಟಲಿ, ಸ್ವೆಟರು, ಕೈಬಟ್ಟೆಗಳನ್ನು ಬೆಳಿಗ್ಗೆಯೇ ಚೀಲಕ್ಕೆ ಹಾಕಿಟ್ಟಿದ್ದೆ. ಊಟಕ್ಕೆ ಸ್ವಲ್ಪ ಮೊದಲು ಮೇಲ್ವಿಚಾರಕರು ನನ್ನ ಮೇಜಿನ ಬಳಿ ಬಂದು ನಿಂತರು. “ಕೊನೇ ಸಲ ಕೇಳ್ತಿದೀನಿ ಮೇಡಂ” ಎಂದರು. ಅವರು ಅಷ್ಟು ಹೇಳುವ ಹೊತ್ತಿಗೆ ನನ್ನ ಪರದೆಗೆ ಒಂದು ರಿಂಗ್ ಬಂದು ಕಟ್ ಆಯಿತು.

ಆ ನಂಬರ್ ನನಗೆ ಬಾಯಿಪಾಠವಾಗಿತ್ತು. ಅಂಗೈಯಿಂದ ಅದನ್ನು ಸೋಪು ಹಾಕಿ ತೊಳೆದದ್ದು ನಾನೇ.

ಎದ್ದೆ. ಮೇಲ್ವಿಚಾರಕರ ಪಕ್ಕದಿಂದ ದಾಟಿ, ತೆರೆದಿದ್ದ ಕ್ಯಾಬಿನ್ನಿನೊಳಗೆ ಹೋಗಿ, ಅವರು ನೋಡುತ್ತಿರುವಂತೆಯೇ ಫೋನೆತ್ತಿದೆ. ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ, ನಿಂತೇ ಮಾಡಿದೆ. ಅವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಫೋನು ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಕಿತ್ತುಕೊಳ್ಳಲಿಲ್ಲ.

“ಯಕ್ಕಾರ,” ಎಂದಿತು ಅದೇ ದನಿ. ಹಿಂದೆ ಜಲ್ಲಿ ಸುರಿಯುವ ಸದ್ದು. “ನೀವ ಏನ್ರಿ? ಅವತ್ತಿನ ಯಕ್ಕಾರ?”

“ನಾನೇ ಅಮ್ಮಾ. ಏನಾಯ್ತು?”

“ಏನಿಲ್ರಿ. ನಿನ್ನಿ ದವಾಖಾನಿಯಿಂದ ಬಿಟ್ರ್ರಿ. ಆರಾಮ ಅದಾನ್ರಿ. ಕಾಲು ಇನ್ನೂ ಬಾತೈತಿ, ಬಾಯಿ ಮಾತ್ರ ಭಾಳ ಜೋರು. ಹೇಳ್ಬೇಕು ಅನಸ್ತು, ಅದಕ್ಕ ಮಿಸ್ ಕಾಲ್ ಕೊಟ್ನಿರಿ. ತಪ್ಪಾತೇನ್ರಿ?”

“ಇಲ್ಲಮ್ಮಾ,” ಎಂದೆ. “ಏನೂ ತಪ್ಪಾಗಿಲ್ಲ.”

ಫೋನ್ ಇಟ್ಟೆ. ನನ್ನ ಮುಖ ನೋಡಿಯೇ ಮೇಲ್ವಿಚಾರಕರಿಗೆ ಅರ್ಥವಾಗಿತ್ತು. ಆದರೂ ಕೇಳಿದರು, ಅವರು ಕೇಳಲೇಬೇಕು. “ಎಮರ್ಜೆನ್ಸಿ ಏನಿತ್ತು ಮೇಡಂ?”

“ಏನೂ ಇರಲಿಲ್ಲ ಸರ್. ಗಂಡ ಬದುಕಿದಾನೆ ಅಂತ ಹೇಳೋಕೆ ರಿಂಗ್ ಕೊಟ್ಟಿದ್ಲು.”

“ಹಾಗಾದ್ರೆ ಇದು ಪ್ರೊಸೆಸ್ ಪ್ರಕಾರ ನ್ಯೂಸೆನ್ಸೇ.”

“ನಾನು ಒತ್ತಲ್ಲ. ಬೇಕಾದ್ರೆ ನೀವು ಒತ್ತಿ.”

ಅವರು ನನ್ನ ಮೇಜಿನವರೆಗೆ ನಡೆದು ಬಂದರು. ಪರದೆಯ ಮೇಲೆ ಆ ನಂಬರ್ ಇನ್ನೂ ಇತ್ತು, ಪಕ್ಕದಲ್ಲಿ ಕೆಂಪು ಗುಂಡಿ, ಅಂಚಿನಲ್ಲಿ ಮರೂನ್ ಬಿಂದಿ. ಅವರೂ ಗುಂಡಿ ಒತ್ತಲಿಲ್ಲ. ಆಮೇಲೆ ವಾಚು ನೋಡಿಕೊಂಡು, ಯಾರಿಗೆ ಎಂದಿಲ್ಲದೆ, “ನಾನು ಊಟಕ್ಕೆ ಹೋಗ್ತೀನಿ” ಎಂದು ಮೆಟ್ಟಿಲಿಳಿದು ಹೋದರು. ಟಿಫನ್ ಡಬ್ಬಿ ಕ್ಯಾಬಿನ್ನಿನಲ್ಲೇ ಇತ್ತು. ಬಾಗಿಲಿಗೆ ಬೀಗ ಹಾಕಿರಲಿಲ್ಲ.

ನಿಯಮ ಬದಲಾಗಲಿಲ್ಲ, ಕೆಂಪು ಗುಂಡಿಯೂ ಹೋಗಲಿಲ್ಲ. ನನ್ನ ಗುತ್ತಿಗೆ ಮೂರು ತಿಂಗಳಿಗೆ ಮುಂದುವರಿಯಿತು. ಪ್ರತಿ ಮೂರು ತಿಂಗಳಿಗೂ ಅವರು, “ಇದೇ ಕೊನೇ ಸಲ ಮೇಡಂ” ಎನ್ನುತ್ತಿದ್ದರು, ನಾನು, “ಆಗಲಿ ಸರ್” ಎನ್ನುತ್ತಿದ್ದೆ. ಅಂಥ ಕೊನೆಯ ಸಲಗಳಲ್ಲೇ ಆ ರೂಮಿನಲ್ಲಿ ನನ್ನ ವರ್ಷಗಳು ಕಳೆದವು. ಊಟದ ಹೊತ್ತಿನಲ್ಲಿ ಕ್ಯಾಬಿನ್ನಿನ ಬಾಗಿಲು ತೆರೆದಿರುತ್ತಿತ್ತು. ಮೊದಲು ನಾನೊಬ್ಬಳೇ ಹೋಗುತ್ತಿದ್ದೆ. ಆಮೇಲೊಂದು ದಿನ ಅತ್ತಿಬೆಲೆಯ ಹುಡುಗಿ ಅಂಗೈ ಮೇಲೆ ನಂಬರ್ ಬರೆದುಕೊಂಡು ನನ್ನನ್ನು ದಾಟಿ ಮುಂದೆ ಹೋದಳು.

“ಪಕ್ಕಕ್ಕೆ ಸರೀರಿ ಅಕ್ಕ,” ಎಂದಳು, “ಇದು ನಂದು.”